ಒಲೆ ಪೈಪಿನಿಂದ ಇಳಿಯುವ ಕಪ್ಪು ನೀರು: ಎಂ-ಸೀಲ್ ಮೆತ್ತುವ ಮೊದಲು ಓದಿ

ಅಣ್ಣ, ಫೋಟೋ ನೋಡಿದೆ. ಭಾಗಮಂಡಲದ ಹೋಂಸ್ಟೇ ಒಲೆಯ ಪೈಪಿನ ಜಾಯಿಂಟಿನಿಂದ ಕಪ್ಪು ನೀರು ಇಳಿಯುತ್ತಿದೆ, ಮಳೆನೀರು ಇರಬೇಕು, ಎಂ-ಸೀಲ್ ಮೆತ್ತಿ ಮೇಲೆ ದೊಡ್ಡ ಟೋಪಿ ಹಾಕಿಸ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ. ನಮ್ಮನೆಯಲ್ಲೂ ಹಾಗೇ ಮಾಡಿ ಗೋಡೆಯೆಲ್ಲ ಕಲೆಯಾಯಿತು. ಎಂ-ಸೀಲ್ ಈ ಬಿಸಿಗೆ ಮಾಡಿದ್ದೇ ಅಲ್ಲ.

ಅದು ಹೊಗೆಯ ನೀರು. ಮುಟ್ಟಿದರೆ ಅಂಟುತ್ತದೆ, ಟಾರ್ ವಾಸನೆ ಬರುತ್ತದೆ. ಮಳೆ ಬಿಟ್ಟ ದಿನವೂ ಒಲೆ ಉರಿಯುವಾಗ ತೊಟ್ಟಿಕ್ಕಿದರೆ ಅನುಮಾನವೇ ಬೇಡ. ಒಣ ಸೌದೆ 1 ಕೆ.ಜಿ. ಉರಿದರೂ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಪೈಪಿಗೆ ಹೋಗುತ್ತದೆ. ಪೈಪ್ ತುದಿತನಕ ಬಿಸಿ ಇದ್ದರೆ ಹೊರಗೆ ಹೋಯಿತು, ಇಲ್ಲದಿದ್ದರೆ ಒಳಗೇ ಇಳಿಯಿತು.

ಈಗ ಜಾಯಿಂಟ್. ಮೇಲಿನ ಪೈಪಿನ ಕೆಳತುದಿ ಕೆಳಗಿನ ಪೈಪಿನ ಒಳಗೆ ಕೂರಬೇಕು. ನಿಮ್ಮದು ಉಲ್ಟಾ ಇದೆ. ಸಂದಿಯಿಂದ ಹೊಗೆ ಬರುತ್ತದೆ ಅಂತ ಹೆದರಿ ಫ್ಯಾಬ್ರಿಕೇಶನ್‌ನವರು ಹೀಗೆ ಕೂರಿಸುತ್ತಾರೆ. ಪೈಪ್ ಸರಿಯಾಗಿ ಎಳೆಯುತ್ತಿದ್ದರೆ ಹೊಗೆ ಬರುವುದಿಲ್ಲ, ಸಂದಿ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ತಿರುಗಿಸಿ ಕೂರಿಸಿದರೆ ನೀರು ಒಳಗೇ ಇಳಿದು ಬೆಂಕಿಗೆ ಬಿದ್ದು ಆವಿಯಾಗುತ್ತದೆ. ನಮ್ಮಲ್ಲಿ ಗೋಡೆ ಉಳಿದದ್ದು ಇದರಿಂದಲೇ. ಆದರೆ ಮನೆಯ ಹೊರಗಿನ ಜಾಯಿಂಟಿಗೆ ಮೇಲಿಂದ ಕಾಲರ್ (ಸುತ್ತ ಹೊದಿಸುವ ತಗಡಿನ ಪಟ್ಟಿ) ಬೇಕು, ಇಲ್ಲದಿದ್ದರೆ ಅಲ್ಲಿ ನಿಜವಾಗಿಯೂ ಮಳೆನೀರು ಒಳಗೆ ಹೋಗುತ್ತದೆ. ಗೋಡೆಯಿಂದ ಹೊರಬಂದ ಮೇಲೆ ಎಲ್ಬೋ (ಬಾಗಿದ ತುಂಡು) ಬದಲು ‘T’ ಆಕಾರದ ಜಾಯಿಂಟ್ ಹಾಕಿ, ಅಲ್ಲಿ ಸೇರುವ ನೀರು, ಮಸಿ ತೆಗೆಯಲು ಕೆಳಗೆ ತೆಗೆಯುವ ಮುಚ್ಚಳ ಇಡಿಸಿ.

ಹೊರಗಿನ ಭಾಗ ಒಂದೇ ತಗಡು, ಮಂಜಿನಲ್ಲಿ ನಿಂತಿದೆ. ತಣ್ಣಗಾಗದೆ ಏನಾಗುತ್ತೆ? ಡಬಲ್ ಪೈಪ್ ಮಾಡಿಸಿ, ನಡುವೆ ಶಾಖ ತಡೆಯುವ ಸೆರಾಮಿಕ್ ಉಣ್ಣೆ ತುಂಬಿಸಿ. ಜಿಐ (ಸತು ಲೇಪಿಸಿದ ಕಬ್ಬಿಣದ ತಗಡು) ಸಲಹೆ ಕೊಟ್ಟವರ ಮಾತು ಕೇಳಬೇಡಿ. ಹೊಗೆಯ ಈ ಹುಳಿ ನೀರು ಸತುವನ್ನು ತಿನ್ನುತ್ತದೆ, ಜಾಸ್ತಿ ಕಾದರೆ ಸತುವಿನ ಹೊಗೆಯೂ ಒಳ್ಳೆಯದಲ್ಲ. 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಬ್ರ್ಯಾಂಡ್ ಯಾವುದಾದರೂ ಇರಲಿ, ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಮರದ ಜಂತಿಗೂ ಒಂಟಿ ಪೈಪಿಗೂ ಒಂದೂವರೆ ಅಡಿ ಅಂತರ ಇರಲೇಬೇಕು.

ಸೌದೆಯ ವಿಷಯದಲ್ಲಿ ಬೈದೇ ಹೇಳ್ತೇನೆ. ಮೇ ತಿಂಗಳ ಮರ ಕಪಾತಿನಲ್ಲಿ (ಕೊಂಬೆ ಕಡಿಯುವಾಗ) ಸಿಕ್ಕ ಸಿಲ್ವರ್ ಓಕ್ ಜುಲೈಗೆ ಉರಿಸಿದರೆ ಯಾವ ಪೈಪೂ ತಡೆಯುವುದಿಲ್ಲ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. 20 ಪರ್ಸೆಂಟಿಗಿಂತ ಕಡಿಮೆ ಆಗಬೇಕು. ಸೀಳಿ, ಕಾಫಿ ಒಣಗಿಸಿ ಮುಗಿದ ಕಣದಲ್ಲೇ ಬಿಸಿಲಿಗೆ ಹಾಕಿ, ಮಳೆಗೆ ಮೊದಲು ಸೂರಿನ ಕೆಳಗೆ ಸೇರಿಸಿ. ತೇವ ಅಳೆಯುವ ಮೀಟರ್ ಇದ್ದರೆ ಆಗಷ್ಟೇ ಸೀಳಿದ ಒಳಮುಖಕ್ಕೆ ಚುಚ್ಚಿ, ಹೊರಗಿನ ಲೆಕ್ಕ ಸುಮ್ನೆ ಮೋಸ.

ರಾತ್ರಿಯಿಡೀ ಇರಲಿ ಅಂತ ಡ್ಯಾಂಪರ್ (ಗಾಳಿ ತಡೆಯುವ ತಗಡು) ಮುಚ್ಚಿ ಸೌದೆಯನ್ನು ಹೊಗೆಯಾಡಿಸುತ್ತಾ ಇಡಬೇಡಿ. ಟಾರ್ ಕಟ್ಟುವುದು ಆಗಲೇ, ಕಟ್ಟಿದ ಟಾರಿಗೆ ಒಂದು ದಿನ ಬೆಂಕಿ ಹಿಡಿಯುತ್ತದೆ. ಗೆಸ್ಟ್ ಮಲಗುವ ರೂಮಾದರೆ ಇಂಗಾಲದ ವಿಷಗಾಳಿಯ (ಕಾರ್ಬನ್ ಮಾನಾಕ್ಸೈಡ್) ಭಯವೂ ಇದೆ, ಅದರ ಅಲಾರಂ ಇಡಿ. ಟೋಪಿಗೆ ಸಣ್ಣ ಜಾಲರಿ ಇದ್ದರೆ ಕಿತ್ತುಹಾಕಿ, ಮಸಿ ಕಟ್ಟಿ ಎಳೆತವೇ ನಿಲ್ಲುತ್ತದೆ. ಮಳೆಗೆ ಮೊದಲು ಒಮ್ಮೆ, ನಡುವೆ ಒಮ್ಮೆ ಬ್ರಷ್ ಹೊಡೆಸಿ.

ಒಲೆ ಉರಿಸದ ತಿಂಗಳಲ್ಲಿ ಬೂದಿ ಒಳಗೆ ಬಿಡಬೇಡಿ, ತೇವ ಹೀರಿ ತಗಡು ತಿನ್ನುತ್ತದೆ. ಆ ಬೂದಿ ತೋಟಕ್ಕೆ ಹಾಕಬಹುದು, ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.