ಮಂಡ್ಯದ ಬೇಸಿಗೆಗೆ ಲಿಕ್ವಿಡ್ ಕೂಲರ್ ಬೇಕೇ?

ನೀವೇ ಜೋಡಿಸಿದ ಕಂಪ್ಯೂಟರಿನ ಕೋರ್ ಐ5-12400 ಪ್ರೊಸೆಸರು, ಮಂಡ್ಯದ ಮಧ್ಯಾಹ್ನದಲ್ಲಿ ವಿಡಿಯೊ ಎಡಿಟಿಂಗ್ ಮಾಡುವಾಗ 100 ಡಿಗ್ರಿ ಮುಟ್ಟುತ್ತಿದೆ, ಜೊತೆಗೆ ಬಂದ ಕೂಲರ್ ತೆಗೆದು ಲಿಕ್ವಿಡ್ ಕೂಲರ್ ಹಾಕಬೇಕೇ ಎಂದು ಕೇಳಿದ್ದೀರಿ. ಈಗಲೇ ಹಣ ಸುರಿಯಬೇಡಿ ಎಂಬುದು ನನ್ನ ಸಲಹೆ.

ಫ್ಯಾನಿನದಾಗಲಿ, ನೀರಿನದಾಗಲಿ, ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಕೋಣೆ 22 ಡಿಗ್ರಿ ಇದ್ದಾಗ 75 ತೋರಿಸುವ ಯಂತ್ರ, ಕೋಣೆ 36 ಆದಾಗ ಅದೇ ಕೆಲಸಕ್ಕೆ 89ರ ಆಸುಪಾಸು ತೋರಿಸುವುದು ಸಹಜ. ಹೀಗಾಗಿ ಗಮನಿಸಬೇಕಾದದ್ದು ಕೋಣೆಗೂ ಪ್ರೊಸೆಸರಿಗೂ ನಡುವಿನ ಈ ಅಂತರವನ್ನು. ಆದರೆ ನಿಮ್ಮ ಪ್ರೊಸೆಸರಿನ ಗರಿಷ್ಠ ಮಿತಿಯೇ 100 ಆಗಿರುವುದರಿಂದ, ಅಲ್ಲಿಗೆ ತಲುಪಿದೊಡನೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಿಜವಾದ ಅಂತರ ಮಧ್ಯಾಹ್ನದ ಹೊತ್ತಿನಲ್ಲಿ ತಿಳಿಯುವುದೇ ಇಲ್ಲ. ಬೆಳಗಿನ ತಂಪಿನಲ್ಲಿ, ಉಷ್ಣಾಂಶ ಮತ್ತು ವ್ಯಾಟ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದಿಟ್ಟು, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನಿಬೆಂಚ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಉಷ್ಣಾಂಶದ ಜೊತೆಗೆ ಪ್ರೊಸೆಸರು ಎಷ್ಟು ವ್ಯಾಟ್ ಎಳೆಯುತ್ತಿದೆ ಎಂಬುದನ್ನೂ ಬರೆದುಕೊಳ್ಳಿ.

ಓಡಿಸಿದ ಕೆಲವೇ ಸೆಕೆಂಡುಗಳಲ್ಲಿ ಅಂಕಿ ನೂರರತ್ತ ಜಿಗಿದರೆ, ಕೂಲರ್ ಪ್ರೊಸೆಸರಿನ ಮೇಲೆ ಸರಿಯಾಗಿ ಕೂತಿಲ್ಲವೆಂದೇ ಮೊದಲು ಅನುಮಾನಿಸಬೇಕು. ಇಲ್ಲಿ ಮೈಸೂರಿನಲ್ಲಿ ನಾನು ಪರಿಚಿತರಿಗಾಗಿ ಬಿಚ್ಚಿ ನೋಡಿದ ಯಂತ್ರಗಳಲ್ಲಿ ಹೆಚ್ಚಾಗಿ ಕಂಡ ದೋಷ ಇದೇ. ಇಂಟೆಲ್ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಅರ್ಧ ಮಾತ್ರ ಇಳಿದಿದ್ದರೂ ಮೇಲಿನಿಂದ ಎಲ್ಲವೂ ಸರಿಯಿರುವಂತೆಯೇ ಕಾಣುತ್ತದೆ. ಮದರ್‌ಬೋರ್ಡಿನ ಹಿಂಬದಿಯಿಂದ ನೋಡಿದರೆ ಮಾತ್ರ, ಬಿಳಿಯ ತುದಿಯನ್ನು ಅಗಲಿಸಿಕೊಂಡು ಕಪ್ಪು ಕಡ್ಡಿ ಪೂರ್ತಿ ಹೊರಬಂದಿದೆಯೇ ಎಂಬುದು ಗೊತ್ತಾಗುತ್ತದೆ. ಪಿನ್ನಿನ ತಲೆಯ ಮೇಲಿರುವ ಬಾಣ ಬಿಚ್ಚುವ ದಿಕ್ಕನ್ನು ಸೂಚಿಸುತ್ತದೆ, ಬಿಗಿಮಾಡುವುದನ್ನಲ್ಲ. ಒಮ್ಮೆ ಬಿಚ್ಚಿದರೆ ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದನ್ನು ಇಟ್ಟು, ಪಿನ್ನುಗಳನ್ನು ಕರ್ಣಾಕಾರವಾಗಿ ಎದುರುಬದುರು ಒತ್ತಿರಿ.

ಉಷ್ಣಾಂಶ ನಿಧಾನವಾಗಿ ಏರಿ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಾಗ ಚೆನ್ನಾಗಿ ಇಳಿದರೆ, ದೋಷ ಗಾಳಿಯ ಹರಿವಿನದು. ಕ್ಯಾಬಿನೆಟ್ಟನ್ನು ಮೇಜಿನ ಗೂಡಿನಿಂದ ಹೊರಗಿಡಿ. ಮುಂದಿನ ಫ್ಯಾನ್ ಗಾಳಿಯನ್ನು ಒಳಕ್ಕೂ ಹಿಂದಿನದು ಹೊರಕ್ಕೂ ತಳ್ಳುತ್ತಿವೆಯೇ ನೋಡಿ. ಹತ್ತಿರದಲ್ಲಿ ಆಲೆಮನೆಯಿದ್ದರಂತೂ ಮಸಿ ಸೇರಿದ ಧೂಳು ಜಾಲರಿಗೆ ಅಂಟಿಕೊಂಡಿರುತ್ತದೆ. ಧೂಳು ಊದುವಾಗ ರೆಕ್ಕೆಗಳು ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ವ್ಯಾಟ್ ಲೆಕ್ಕವನ್ನು ಬರೆದುಕೊಳ್ಳಲು ಹೇಳಿದ್ದಕ್ಕೆ ಕಾರಣವಿದೆ. ಈ ಪ್ರೊಸೆಸರಿನ ಮೂಲ ಮಿತಿ 65 ವ್ಯಾಟ್, ಹೆಚ್ಚು ವೇಗದಲ್ಲಿ ಓಡುವಾಗಿನ ಟರ್ಬೊ ಮಿತಿ 117. ಹಲವು ಮದರ್‌ಬೋರ್ಡುಗಳು ಟರ್ಬೊ ಮಿತಿಯನ್ನೇ ನಿರಂತರವಾಗಿ ಬಿಟ್ಟುಕೊಡುತ್ತವೆ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ದೀರ್ಘಾವಧಿಯ ಮಿತಿಯನ್ನು 65ಕ್ಕೆ ಇಳಿಸಿದರೆ ಸ್ವಲ್ಪ ವೇಗ ಕಳೆದುಕೊಂಡರೂ ಶಾಖ ಗಣನೀಯವಾಗಿ ತಗ್ಗುತ್ತದೆ.

ಇಷ್ಟಾದ ಮೇಲೂ ಸಾಲದಿದ್ದರೆ 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ (ಗೋಪುರದಂತೆ ಎತ್ತರವಿರುವ ಗಾಳಿಯ ಕೂಲರ್) ಧಾರಾಳವಾಗಿ ಸಾಕು. ಕೊಳ್ಳುವ ಮುನ್ನ ಅದರ ಎತ್ತರ ಕ್ಯಾಬಿನೆಟ್ಟಿಗೆ ಹೊಂದುತ್ತದೆಯೇ ಎಂಬುದನ್ನೂ, ನಿಮ್ಮ ಪ್ರೊಸೆಸರು ಕೂರುವ 1700 ಸಾಕೆಟ್ಟಿನ ಬ್ರಾಕೆಟ್ ಜೊತೆಗಿದೆಯೇ ಎಂಬುದನ್ನೂ ವಿಚಾರಿಸಿ. ಹಳೆಯ 1200 ಸಾಕೆಟ್ಟಿನಲ್ಲಿ ಕೂಲರ್ ಕೂರಿಸುವ ರಂಧ್ರಗಳ ಅಂತರ 75 ಮಿಲಿಮೀಟರ್ ಆದರೆ ನಿಮ್ಮದರಲ್ಲಿ 78.