ಅಪ್ಪನ ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್

ಅಪ್ಪನ 4 ಜಿಬಿ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲು ಆಗುತ್ತಿಲ್ಲ, ಅದರ ಬದಲು ಬಳಸಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ಗೆ ಅವರನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ಸೋರ್ಸ್ ಕೋಡ್, ಸ್ವಾತಂತ್ರ್ಯ ಅಂತ ಶುರು ಮಾಡಬೇಡಿ, ಅವರಿಗೆ ನಿದ್ದೆ ಬರುತ್ತದೆ! ದುಡ್ಡಿನ ಲೆಕ್ಕ ಹೇಳಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹಳೆ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಅಂದರೆ ಯಂತ್ರ ಕೆಟ್ಟಿಲ್ಲ, ಆದರೂ ಹೊಸದು ಕೊಳ್ಳಬೇಕು. ಇದು ಯಾವ ನ್ಯಾಯ, ಅಲ್ವಾ?

ಲಿನಕ್ಸ್‌ನಲ್ಲೇ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ. 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ, ಪುಕ್ಕಟೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ ಎಂದೂ ಹೇಳಿ.

ಕನ್ನಡದ ಚಿಂತೆ ಬೇಡ. ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಸಿಗುತ್ತದೆ, ನುಡಿ ತಂತ್ರಾಂಶ ಬಳಸಿದ ಕೈಗೆ ಅದು ಹೊಸದಲ್ಲ. ಗುಬ್ಬಿ, ನವಿಲು ಫಾಂಟ್‌ಗಳೂ ಇವೆ. ತೊಡಕು ಇರುವುದು ನುಡಿಯಂಥ ತಂತ್ರಾಂಶದ ಫಾಂಟ್ ಇಲ್ಲದೆ ಓದಲಾಗದ ಹಳೆ ಆಸ್ಕಿ ಫೈಲ್‌ಗಳಲ್ಲಿ. ಅವನ್ನು ಮೊದಲೇ ಎಲ್ಲ ಕಡೆ ಓದಲಾಗುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಅಪ್ಪ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬಳಸುತ್ತಿದ್ದರೆ ಮಾತ್ರ ಸುಮ್ನೆ ಒತ್ತಾಯ ಬೇಡ, ಅದು ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ.

ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟ್ ಬೂಟ್ ಮಾಡಿ (ಅಂದರೆ ಲ್ಯಾಪ್‌ಟಾಪ್‌ಗೆ ಹಾಕದೆಯೇ ಚಾಲೂ ಮಾಡಿ) ತೋರಿಸಿ. ವೈಫೈ, ಪ್ರಿಂಟರ್ ಎರಡೂ ನಡೆದರೆ ಮುಂದಿನ ಮಾತು.