ಆಸ್ಟ್ರೇಲಿಯಾದ ‘ಮೇಟ್‌ಶಿಪ್’: ಯಾರು ಒಳಗೆ, ಯಾರು ಹೊರಗೆ?

ಮೆಲ್ಬರ್ನ್‌ನ ಕಟ್ಟಡ ನಿರ್ಮಾಣ ಸಂಸ್ಥೆಯೊಂದಕ್ಕೆ ಎಂಜಿನಿಯರ್ ಆಗಿ ಹೊಸದಾಗಿ ಸೇರಿರುವ ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಇಲ್ಲಿಯವರು ಎದೆಯುಬ್ಬಿಸಿ ಹೇಳುವ ‘ಮೇಟ್‌ಶಿಪ್’, ಅಂದರೆ ಜೊತೆಗಾರನನ್ನು ಎಂಥ ಸ್ಥಿತಿಯಲ್ಲೂ ಕೈಬಿಡಬಾರದೆಂಬ ನಿಷ್ಠೆ, ನಿಜವೇ ಅಥವಾ ರಾಜಕಾರಣಿಗಳ ಭಾಷಣದ ಸರಕೇ? ಹೊರಗಿನಿಂದ ಬಂದ ನಮ್ಮಂಥವರಿಗೆ ಅದರಲ್ಲಿ ಜಾಗವಿದೆಯೇ? ಸಹೋದ್ಯೋಗಿಯ ತಪ್ಪನ್ನು ಮೇಲಿನವರಿಗೆ ತಿಳಿಸಿದರೆ ದ್ರೋಹವೆಂದು ಎಣಿಸುತ್ತಾರೆಯೇ? ಬಹುಕಾಲದಿಂದ ವಿಕ್ಟೋರಿಯಾದಲ್ಲಿ ನೆಲೆಸಿ, ಇಲ್ಲಿನ ಕಾರ್ಮಿಕ ಚರಿತ್ರೆಯನ್ನು ಆಸಕ್ತಿಯಿಂದ ಓದಿಕೊಂಡು ಬಂದಿರುವ ನನ್ನ ಅಭಿಪ್ರಾಯ ಇಷ್ಟು: ಅದು ನಿಜವೇ, ಆದರೆ ಅದನ್ನು ಹುಟ್ಟಿಸಿದ್ದು ಕೂಲಿಯ ಜಗಳ ಮತ್ತು ಜೀವಭಯ, ಮತ್ತು ಅದರ ಸುತ್ತ ಮೊದಲಿನಿಂದಲೂ ಒಂದು ಬೇಲಿಯಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕೂಲಿಗಳು ಒಳನಾಡಿನಲ್ಲಿ ಒಂದು ಎಸ್ಟೇಟಿನಿಂದ ಇನ್ನೊಂದಕ್ಕೆ ಅಲೆಯುತ್ತಿದ್ದರು. ನೀರಿಲ್ಲದ ದಾರಿಯಲ್ಲಿ ಒಂಟಿಯಾಗಿ ಹೊರಟವನು ಕಾಲು ಮುರಿದುಕೊಂಡರೆ ಅಲ್ಲಿಗೆ ಅವನ ಕಥೆ ಮುಗಿಯಿತು. ಕೊಟ್ಟಿಗೆಯೊಳಗೆ ಬೇರೆ ಬಗೆಯ ಕಷ್ಟವಿತ್ತು: ಕೂಲಿ ನೂರು ಕುರಿಗೆ ಇಷ್ಟೆಂದು ಗೊತ್ತಾಗಿದ್ದರೂ, ಕತ್ತರಿಸಿದ್ದು ಸರಿಯಿಲ್ಲವೆಂದು ಧಣಿಗೆ ತೋರಿದರೆ ಕುರಿಯ ಮೈಮೇಲೆ ಬಣ್ಣದ ಗುರುತು ಹಾಕಿಸಿ ಅದರ ಕೂಲಿಯನ್ನು ಹಿಡಿದುಕೊಳ್ಳುತ್ತಿದ್ದ. ಒಬ್ಬನೇ ಎದುರಾಡಿದರೆ ಅಂದೇ ಗಂಟುಮೂಟೆ ಕಟ್ಟಬೇಕು; ಎಲ್ಲರೂ ಕತ್ತರಿ ಕೆಳಗಿಟ್ಟರೆ ಧಣಿ ಮಾತಿಗೆ ಬರಲೇಬೇಕು. 1891ರಲ್ಲಿ ಕ್ವೀನ್ಸ್‌ಲ್ಯಾಂಡಿನ ಬಾರ್ಕಾಲ್ಡಿನ್ ಸುತ್ತ ನಡೆದ ದೊಡ್ಡ ಮುಷ್ಕರ ಸೋತಿತು, ಮುಖಂಡರು ಜೈಲಿಗೆ ಹೋದರು. ಆದರೂ ಇಂದಿನ ಲೇಬರ್ ಪಕ್ಷ ತನ್ನ ಬೇರನ್ನು ಮುಷ್ಕರಗಾರರು ಸಭೆ ಸೇರುತ್ತಿದ್ದ, ಆ ಊರಿನ ರೈಲು ನಿಲ್ದಾಣದ ಮುಂದಿನ ಮರದ ಕೆಳಗೆ ಗುರುತಿಸಿಕೊಳ್ಳುತ್ತದೆ. ಆ ಮರಕ್ಕೆ 2006ರಲ್ಲಿ ಯಾರೋ ವಿಷವಿಕ್ಕಿ ಕೊಂದರೆಂಬುದು ಬೇರೆ ಮಾತು.

ಇನ್ನು ಬೇಲಿಯ ವಿಷಯ. ವಿಕ್ಟೋರಿಯಾದ ಹಳೆಯ ಚಿನ್ನದ ಗಣಿಯೂರು ಬ್ಯಾಲರಟ್‌ಗೆ ಹೋದಾಗ ಯುರೇಕಾ ಬಾವುಟವನ್ನು ತಪ್ಪದೆ ನೋಡಿ: ನೀಲಿ ಬಟ್ಟೆಯ ಮೇಲೆ ಬಿಳಿಯ ಶಿಲುಬೆ, ಅದರಲ್ಲಿ ನಾವು ತ್ರಿಶಂಕು ಎನ್ನುವ ನಕ್ಷತ್ರಪುಂಜ, ಹಿಂದಿನವರು ನೆನಪಿಗೆಂದು ಚೂರು ಚೂರಾಗಿ ಕತ್ತರಿಸಿಕೊಂಡು ಹೋದದ್ದರಿಂದ ಬಟ್ಟೆ ಸಾಕಷ್ಟು ಹರಿದಿದೆ. 1854ರ ನವೆಂಬರ್ ಕೊನೆಯಲ್ಲಿ ಚಿನ್ನದ ಗಣಿಗಾರರು ದುಬಾರಿ ಪರವಾನಗಿ ಶುಲ್ಕವನ್ನೂ ಪೊಲೀಸರ ಕಿರುಕುಳವನ್ನೂ ವಿರೋಧಿಸಿ ಆ ಬಾವುಟದ ಕೆಳಗೆ ಮೊಣಕಾಲೂರಿ, ಒಬ್ಬರ ಬೆನ್ನಿಗೆ ಒಬ್ಬರು ನಿಂತು ಹಕ್ಕುಗಳಿಗಾಗಿ ಹೋರಾಡುತ್ತೇವೆಂದು ಪ್ರಮಾಣ ಮಾಡಿದರು. ಡಿಸೆಂಬರ್ 3ರ ನಸುಕಿನಲ್ಲಿ ಸೈನಿಕರು ಅವರ ತಡೆಗೋಡೆಗೆ ನುಗ್ಗಿದರು. ಇಪ್ಪತ್ತಕ್ಕೂ ಹೆಚ್ಚು ಗಣಿಗಾರರು ಸತ್ತರು. ಮುಖಂಡ ಪೀಟರ್ ಲೇಲರ್ ಗುಂಡೇಟಿನಿಂದ ಒಂದು ತೋಳು ಕಳೆದುಕೊಂಡು ತಲೆಮರೆಸಿಕೊಂಡ. ಅವನ ತಲೆಗೆ ಸರ್ಕಾರ ಬಹುಮಾನ ಸಾರಿದರೂ ಯಾರೂ ಹಿಡಿದುಕೊಡಲಿಲ್ಲ. ಮರುವರ್ಷ ವಿಚಾರಣೆಗೆ ನಿಂತ 13 ಮಂದಿಯನ್ನೂ ಬಿಡುಗಡೆ ಮಾಡಲಾಯಿತು. ಲೇಲರ್ ಶಾಸನಸಭೆ ಸೇರಿದ.

ಅದಾಗಿ ಏಳು ವರ್ಷವೂ ತುಂಬಿರಲಿಲ್ಲ. 1861ರ ಜೂನ್ 30ರಂದು ನ್ಯೂ ಸೌತ್ ವೇಲ್ಸ್‌ನ ಲ್ಯಾಂಬಿಂಗ್ ಫ್ಲಾಟ್‌ನಲ್ಲಿ, ಅಂದರೆ ಇಂದಿನ ಯಂಗ್ ಪಟ್ಟಣದ ಬಳಿ, ಬಿಳಿಯ ಗಣಿಗಾರರ ದೊಡ್ಡ ಗುಂಪೊಂದು ಚೀನೀ ಗಣಿಗಾರರನ್ನು ಹೊಡೆದು, ಜಡೆ ಕತ್ತರಿಸಿ, ಗುಡಾರಗಳಿಗೆ ಬೆಂಕಿಯಿಟ್ಟು ಓಡಿಸಿತು. ಆ ಗಲಭೆಕೋರರ ಬಾವುಟ ಅಲ್ಲಿನ ಸಂಗ್ರಹಾಲಯದಲ್ಲಿದೆ. ಅದರ ಮೇಲೂ ಅದೇ ತ್ರಿಶಂಕುವಿನ ನಕ್ಷತ್ರಗಳಿವೆ, ಜೊತೆಗೆ ‘ಚೀನೀಯರು ಬೇಡ’ ಎಂಬ ಬರಹವಿದೆ. ಈ ಎರಡು ಬಾವುಟಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಮೇಟ್‌ಶಿಪ್ಪನ್ನು ಹೊಗಳುವುದು ನನಗೆ ಅರೆಬೆಂದ ಮಾತೆನಿಸುತ್ತದೆ. ಅಂದು ಜೇಮ್ಸ್ ರಾಬರ್ಟ್ಸ್ ಎಂಬ ಜಮೀನುದಾರ ಸಾವಿರಕ್ಕೂ ಹೆಚ್ಚು ಚೀನೀಯರಿಗೆ ತನ್ನ ಜಮೀನಿನಲ್ಲಿ ಆಶ್ರಯ ಕೊಟ್ಟ. ಮೇಟ್‌ಶಿಪ್ಪಿನ ಭಾಷಣಗಳಲ್ಲಿ ಅವನ ಹೆಸರನ್ನು ನಾನಂತೂ ಕೇಳಿಲ್ಲ.

ಬಿಳಿಯರಲ್ಲದವರನ್ನು ಹೊರಗಿಡುವ 1901ರ ವಲಸೆ ನಿರ್ಬಂಧ ಕಾಯ್ದೆಗೂ ಕಾರ್ಮಿಕ ಸಂಘಗಳು ಬೆಂಬಲವಾಗಿ ನಿಂತಿದ್ದವು. ಅದರ ಕೊನೆಯ ಕುರುಹುಗಳನ್ನು 1973ರಲ್ಲಿ ವಿಟ್ಲಮ್ ಸರ್ಕಾರ ಅಳಿಸಿದ್ದರಿಂದಲೇ ನಿಮ್ಮಂಥ, ನನ್ನಂಥ ಕನ್ನಡಿಗರಿಗೆ ಇಲ್ಲಿ ನೆಲೆ ದೊರೆಯಿತು. ಹೆಂಗಸರೂ ಹೊರಗಿನವರೇ ಆಗಿದ್ದರು. 1965ರಲ್ಲಿ ಬ್ರಿಸ್ಬೇನಿನ ರೀಗಾಟಾ ಹೋಟೆಲಿನಲ್ಲಿ ಮರ್ಲ್ ಥಾರ್ನ್‌ಟನ್ ಮತ್ತು ರೋಸಲಿ ಬೊಗ್ನರ್ ತಮಗೂ ಅಲ್ಲಿ ಪಾನೀಯ ಕೊಡಬೇಕೆಂದು ಬಾರ್ ಕಟ್ಟೆಯ ಕಂಬಿಗೆ ಸರಪಳಿಯಿಂದ ಬಿಗಿದುಕೊಂಡು ಪ್ರತಿಭಟಿಸಬೇಕಾಯಿತು. ಮರುವರ್ಷ ಉತ್ತರ ಆಸ್ಟ್ರೇಲಿಯಾದ ವೇವ್ ಹಿಲ್ ದನಗಳ ಎಸ್ಟೇಟಿನಿಂದ ವಿನ್ಸೆಂಟ್ ಲಿಂಗಿಯಾರಿಯ ಮುಂದಾಳತ್ವದಲ್ಲಿ ಗುರಿಂಜಿ ಮೂಲನಿವಾಸಿಗಳು ಕೆಲಸ ಬಿಟ್ಟು ಹೊರನಡೆದಾಗ, ಡಾರ್ವಿನ್ ಬಂದರಿನ ಕಾರ್ಮಿಕ ಬ್ರಯನ್ ಮ್ಯಾನಿಂಗ್ ತನ್ನ ಬೆಡ್‌ಫೋರ್ಡ್ ಲಾರಿಯಲ್ಲಿ ಅವರಿಗೆ ಆಹಾರ ಸಾಮಗ್ರಿ ಒಯ್ದ. ಬೇಲಿ ಸರಿದದ್ದು ಹೀಗೆ, ಯಾರೋ ಒಳಗಿನಿಂದ, ಯಾರೋ ಹೊರಗಿನಿಂದ ತಳ್ಳಿದಾಗ.

ಯುದ್ಧದ ಮಾತು ಬಂದರೆ ಎಲ್ಲರೂ ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯದ ಸೈನಿಕರು ಟರ್ಕಿಯಲ್ಲಿ ಕಾದಾಡಿದ 1915ರ ಗಲಿಪೊಲಿಯನ್ನು ನೆನೆಯುತ್ತಾರೆ. ನನಗೆ ಹೆಚ್ಚು ನಿಜವೆನಿಸುವುದು ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಥಾಯ್‌ಲ್ಯಾಂಡ್–ಬರ್ಮಾ ರೈಲುದಾರಿಗೆ ದುಡಿಸಿದ ಆಸ್ಟ್ರೇಲಿಯದ ಯುದ್ಧಕೈದಿಗಳ ಕಥೆ. ಮೂರು ನಾಲ್ಕು ಮಂದಿ ಒಂದು ಕೂಟವಾಗಿ, ಸಿಕ್ಕ ಅನ್ನವನ್ನು ಹಂಚಿಕೊಂಡು, ಜ್ವರ ಬಂದವನ ಮೈ ತೊಳೆದು ಕಾಯುತ್ತಿದ್ದರು. ಕೈದಿಗಳಲ್ಲೊಬ್ಬನಾದ ವೈದ್ಯ ‘ವಿಯರಿ’ ಡನ್‌ಲಪ್ ಕೈದಿಗಳಾಗಿದ್ದ ಸೇನಾಧಿಕಾರಿಗಳ ಸಂಬಳದಿಂದ ಪಾಲು ತೆಗೆದು ರೋಗಿಗಳಿಗೆ ಆಹಾರ, ಔಷಧ ಕೊಳ್ಳುವ ನಿಧಿ ಮಾಡಿದ್ದ. ಕೆಲವು ಅಧಿಕಾರಿಗಳಿಗೆ ಅದು ಹಿಡಿಸಿರಲಿಲ್ಲ. ಇಂಥ ಉಪಕಾರವನ್ನು ಬ್ರಿಟಿಷ್, ಡಚ್ ಕೈದಿಗಳೂ ಮಾಡಿದ್ದಾರೆ; ಇದನ್ನು ಆಸ್ಟ್ರೇಲಿಯನ್ನರ ಹುಟ್ಟುಗುಣವೆನ್ನುವುದನ್ನು ನಾನು ಒಪ್ಪುವುದಿಲ್ಲ.

ರಾಜಕೀಯದ ಪಾಲೂ ಇದೆ. 1999ರಲ್ಲಿ ಪ್ರಧಾನಿ ಜಾನ್ ಹೊವರ್ಡ್ ಸಂವಿಧಾನದ ಪೀಠಿಕೆಯಲ್ಲೇ ಮೇಟ್‌ಶಿಪ್ಪನ್ನು ಸೇರಿಸಲು ಹೊರಟರು. ಗೇಲಿ, ಟೀಕೆಗಳ ನಡುವೆ ಆ ಪದವನ್ನು ಕೈಬಿಡಲಾಯಿತು, ಉಳಿದ ಪೀಠಿಕೆಯನ್ನು ಮತದಾರರೇ ತಿರಸ್ಕರಿಸಿದರು.

ದಿನನಿತ್ಯದಲ್ಲಿ ನಿಮಗೆ ಇದು ಎದುರಾಗುವುದು ಶುಕ್ರವಾರ ಸಂಜೆಯ ಪಬ್ಬಿನಲ್ಲಿ, ‘ಶೌಟ್’ ಎಂಬ ಸರದಿಯಲ್ಲಿ. ನಾಲ್ವರಿದ್ದರೆ ಒಂದೊಂದು ಸುತ್ತನ್ನು ಒಬ್ಬೊಬ್ಬರು ಎಲ್ಲರಿಗೂ ಕೊಳ್ಳಬೇಕು. ನಾನು ನಿಂಬೆ ಸೋಡಾ ಕುಡಿಯುವವನಾದರೂ ನನ್ನ ಸುತ್ತಿನಲ್ಲಿ ಉಳಿದವರ ಬಿಯರಿಗೆ ಹಣ ಕೊಡುತ್ತೇನೆ. ಅದರ ಬಗ್ಗೆ ಯಾರೂ ಲೆಕ್ಕ ಹಾಕುವುದಿಲ್ಲ. ನಮ್ಮಲ್ಲಿಯಂತೆ ಬಿಲ್ಲಿಗಾಗಿ ಎಳೆದಾಡುವ ಉಪಚಾರ ಇಲ್ಲಿ ಬೇಡ, ಆದರೆ ನಿಮ್ಮ ಸರದಿ ಬರುವ ಮೊದಲೇ ಎದ್ದು ಹೋದರೆ ಅದು ಬಹುಕಾಲ ನೆನಪಿರುತ್ತದೆ.

ಕೊನೆಯ ಪ್ರಶ್ನೆ. ಜೊತೆಯವನ ಮೇಲೆ ದೂರು ಹೇಳುವುದನ್ನು ಇಲ್ಲಿ ‘ಡಾಬಿಂಗ್’ ಎನ್ನುತ್ತಾರೆ. ತಡವಾಗಿ ಬಂದ, ಬೇಗ ಹೋದ ಎಂಬಂಥ ಚಾಡಿ ಹೇಳಿದರೆ ನಿಮ್ಮ ಜೊತೆ ಯಾರೂ ಸೇರುವುದಿಲ್ಲ. ಆದರೆ ಈ ಮೌನವೇ ಕೆಟ್ಟ ಕೆಲಸಗಳಿಗೆ ಪರದೆಯಾದದ್ದೂ ಉಂಟು, ಆದ್ದರಿಂದ ಸುರಕ್ಷತೆಯ ವಿಷಯದಲ್ಲಿ ಮುಲಾಜು ಬೇಡ. ಸ್ಕ್ಯಾಫೋಲ್ಡಿಂಗ್‌ನ ಹಿಡಿಕಂಬಿ ಸಡಿಲವಾಗಿದ್ದರೆ ಮೊದಲು ಆ ಕೆಲಸ ಮಾಡಿದವನಿಗೇ ನೇರವಾಗಿ ಹೇಳಿ. ಅವನು ಕೇಳದಿದ್ದರೆ, ಕಾರ್ಮಿಕರೇ ಆರಿಸಿದ ಸುರಕ್ಷತಾ ಪ್ರತಿನಿಧಿ ಇದ್ದಾರೆಯೇ ವಿಚಾರಿಸಿ ಅವರಿಗೆ ತಿಳಿಸಿ. ತಕ್ಷಣದ ಅಪಾಯವಿದ್ದರೆ ಕೆಲಸ ನಿಲ್ಲಿಸುವಂತೆ ಹೇಳುವ ಅಧಿಕಾರವನ್ನು ವಿಕ್ಟೋರಿಯಾದ 2004ರ ಕಾಯ್ದೆ ಆ ಪ್ರತಿನಿಧಿಗೆ ಕೊಟ್ಟಿದೆ.